ಬೆರಳಲ್ಲ, ಕರವಸ್ತ್ರ

ಬೆಳಿಗ್ಗೆ ಹತ್ತಕ್ಕೆ ಅಲ್ಪವಿರಾಮಣ್ಣ ಬಂದು ನೋಡಿದರೆ ಮೇಜಿನ ಮೇಲೆ ಅವನ ಹಳೆಯ ಲ್ಯಾಪ್‌ಟಾಪ್ ಇರಲಿಲ್ಲ. ಆ ಜಾಗದಲ್ಲಿ ಹೊಸ ಅಳಿಯನಂತೆ ಮಿರಮಿರ ಮಿಂಚುವ ಇನ್ನೊಂದು ಕೂತಿತ್ತು.

ಶಾಲಾ ಪುಸ್ತಕ ಅಚ್ಚು ಹಾಕುವ ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದವನು ಅವನು. ಒಂದು ಅಲ್ಪವಿರಾಮ ತಪ್ಪಿದರೂ ಊಟ ಸೇರದು. ಆ ಹೆಸರು ಹಾಗೆ ಅಂಟಿಕೊಂಡಿತ್ತು.

“ಟಚ್ ಸ್ಕ್ರೀನ್ ಅಣ್ಣಾ. ಬೆರಳಿಟ್ರೆ ಸಾಕು,” ಎಂದ ಕಂಪ್ಯೂಟರ್ ವಿಭಾಗದವನು.

“ಕೀಲಿಮಣೆ ಇದೆ, ಮೌಸ್ ಇದೆ. ಗಾಜನ್ನೂ ಯಾಕಪ್ಪಾ ತಿವೀಬೇಕು? ನಾಳೆ ನನ್ನ ಕನ್ನಡಕಕ್ಕೂ ಬೆರಳು ಹಾಕು ಅಂತೀರಾ?”

“ನನ್ಮೇಲೆ ಯಾಕೆ ರೇಗ್ತೀರಿ? ಇವತ್ತು ಬರೀ ಪರೀಕ್ಷೆ. ಯಾರ್ ಪರದೆಗೆ ಎಷ್ಟು ಸಲ ಬೆರಳು ಬಿತ್ತು ಅಂತ ಅದೇ ಎಣಿಸ್ಕೊಳ್ಳುತ್ತೆ. ನೂರರ ಒಳಗಿದ್ರೆ ಸಂಜೆ ಹಳೇದು ವಾಪಸ್ಸು. ಮಿಕ್ಕಿದ್ದೆಲ್ಲ ಗುಜರಿಗೆ.”

ಗುಜರಿ ಎಂಬ ಮಾತು ಎದೆಗೆ ನಾಟಿತು. ಆ ಹಳೆಯದರ ಕೀಲಿಗಳು ಸವೆದು ಬೋಳಾಗಿದ್ದವು, ಮುಚ್ಚಳಕ್ಕೆ ಟೇಪು ಸುತ್ತಿತ್ತು. ಆದರೆ ಅಲ್ಪವಿರಾಮಣ್ಣ ಸಾಲಿನ ಮೇಲೆ ಬೆರಳಾಡಿಸುತ್ತ ಓದುವವನು. ಅದು ಒಂದು ದಿನವೂ ಆ ಬೆರಳನ್ನು ತಪ್ಪು ತಿಳಿದಿರಲಿಲ್ಲ.

“ಹಾಗಾದ್ರೆ ಕೇಳ್ಕೋ! ಸಂಜೆವರೆಗೆ ನನ್ನ ಒಂದು ಬೆರಳೂ ಇದಕ್ಕೆ ತಾಗಲ್ಲ. ಕೇಳದೇ ಕೊಟ್ಟಿದ್ದನ್ನ ಕೈಮುಗಿದು ತಗೊಳ್ಳೋ ಕಾಲ ಹೋಯ್ತು!” ಎಂದು ಗುಡುಗಿ, ಚಾಳಿಬಿದ್ದ ಬಲಗೈಯನ್ನು ತೊಡೆಯಡಿ ಒತ್ತಿಟ್ಟು ಕೂತ.

ಪುಟ ಜೋಡಿಸುವಾಕೆಗೆ ಹೊಸ ಪರದೆಯೆಂದರೆ ಪ್ರಾಣ. ತನ್ನದನ್ನು ಬಿಟ್ಟು ಓಡಿಬಂದಳು. “ಇಷ್ಟು ಹಟ ಯಾಕಣ್ಣಾ? ನೋಡಿ, ಹೀಗೆ...” ಎಂದು ಸವರಿದ್ದೇ ತಡ, ಹನ್ನೆರಡನೇ ಪುಟ ತೊಂಬತ್ತಕ್ಕೆ ಹಾರಿತು.

“ನಿನಗೆ ನಿನ್ನದಿಲ್ವೇನಮ್ಮಾ?”

“ನಂದು ಎಲ್ಲಿಗೆ ಹೋಗುತ್ತೆ? ನಿಮಗೆ ಕಲಿಸೋದೇ ಮುಖ್ಯ.”

ಅಲ್ಪವಿರಾಮಣ್ಣ ಕಾಗದದಲ್ಲಿ ಒಂದು ಗೀಟು ಎಳೆದ: ಪರರ ಬೆರಳು, ಒಂದು. ಆದರೆ ಬಿಸ್ಕತ್ತು ತಿಂದ ಅವಳ ಕೈಯ ಗುರುತು ವಾಕ್ಯದ ನಡುವೆ ಪೂರ್ಣವಿರಾಮದಂತೆ ಕೂತುಬಿಟ್ಟಿತ್ತು. ಸಹಿಸುವುದು ಹೇಗೆ? ತೆಳ್ಳನೆಯ ಕರವಸ್ತ್ರ ತೆಗೆದು ಗಸಗಸ ಒರೆಸಿದ. ಬೆರಳಲ್ಲವಲ್ಲ, ಬಟ್ಟೆ! ಅಕ್ಷರಗಳು ಕುಂಬಳಕಾಯಿಯಷ್ಟು ಊದಿದವು.

“ನೋಡಿದ್ರಾ? ಮುಟ್ಟದೇನೇ ಹೀಗೆ ಕುಣಿಯುತ್ತೆ. ಮುಟ್ಟಿದ್ರೆ ತಲೆ ಮೇಲೇ ಹತ್ತುತ್ತೆ!”

ಸುದ್ದಿ ಹಬ್ಬಿತು. ಜನ ಬಂದರು. ಕಾಟ ತಾಳದೆ ಅವನು ಪರದೆಯ ತುಂಬ ದೊಡ್ಡದಾಗಿ ‘ಮುಟ್ಟಬೇಡಿ’ ಎಂದು ಟೈಪು ಮಾಡಿದ. ಅದೇ ತಪ್ಪಾಯಿತು.

“ಮುಟ್ಟಿದ್ರೆ ಏನಾಗುತ್ತೆ?” ಎಂದು ಮುಖಪುಟದ ಚಿತ್ರಗಾರ ನೀಲಿ ಹೆಬ್ಬೆರಳು ಒತ್ತಿದ. ‘ಮುಟ್ಟಬೇಡಿ’ ಮಾಯ. ಗುಮಾಸ್ತೆಯಕ್ಕ ಅದನ್ನು ಹುಡುಕಲು ನಾಲ್ಕು ಕಡೆ ಕುಟ್ಟಿದಳು. ಪ್ರತಿ ಗುರುತಿಗೂ ಅವನು ಒಂದು ಗೀಟು ಎಳೆದ, ಒಂದು ನಿಮಿಷ ಒರೆಸಿದ. ಮಧ್ಯಾಹ್ನದ ಹೊತ್ತಿಗೆ ಕರವಸ್ತ್ರ ಗ್ಯಾರೇಜಿನ ಬಟ್ಟೆಯಾಯಿತು. ಅವನು ಅಂಗಿಯ ತೋಳಿನಿಂದಲೇ ಒರೆಸತೊಡಗಿದ.

ಸಂಜೆ ಐದಕ್ಕೆ ಕಾಗದದಲ್ಲಿ ಇಪ್ಪತ್ತಮೂರೇ ಗೀಟು. ಎದೆಯುಬ್ಬಿಸಿ ವ್ಯವಸ್ಥಾಪಕರ ಮುಂದೆ ನಿಂತ.

ಪರದೆಗಳೇ ಎಣಿಸಿಕೊಟ್ಟ ಪಟ್ಟಿ ನೋಡಿದ ಅವರ ಕಣ್ಣು ತುಂಬಿ ಬಂತು. “ಎಲ್ಲರಿಗಿಂತ ಹೆಚ್ಚು, ನಾಲ್ಕು ಸಾವಿರದ ಮುನ್ನೂರು! ಏನ್ರೀ ನಿಮ್ಮ ಪ್ರೀತಿ!”

“ಸುಳ್ಳು! ನಾನು ಬರೀ ಒರೆಸಿದ್ದು ಸಾರ್!”

“ತೆಳು ಬಟ್ಟೆ ಅಣ್ಣಾ. ಪರದೆಗೆ ಅದೂ ಬೆರಳೇ,” ಎಂದು ಕಂಪ್ಯೂಟರಿನವನು ಪಿಸುಗುಟ್ಟಿದ.

ಪುಟ ಜೋಡಿಸುವಾಕೆಯದು ಬರೀ ನಾಲ್ಕು. “ದಿನವಿಡೀ ಇವರ ಹತ್ರಾನೇ ಇದ್ದೆನಲ್ಲಾ ಸಾರ್!” ಎಂದು ಅವಳು ಬಡಕೊಂಡರೂ ಕೇಳುವವರಿಲ್ಲ. ಹೊಸದೇ ಸಿಗುತ್ತದೆಂದು ನಂಬಿ ತನ್ನ ಹಳೆಯದನ್ನು ಅವಳು ಬೆಳಿಗ್ಗೆಯೇ ಗುಜರಿ ಗಾಡಿಗೆ ಹತ್ತಿಸಿದ್ದಳು. ಉಳಿದಿದ್ದ ಅವನ ಟೇಪು ಸುತ್ತಿದ ಲ್ಯಾಪ್‌ಟಾಪನ್ನೇ ಅವಳ ಕೈಗಿಟ್ಟರು. ಅವನಿಗೆ ಸಿಕ್ಕಿದ್ದು ಗೋಡೆಯಗಲದ ಟಚ್ ಸ್ಕ್ರೀನು, ಜೊತೆಗೆ ಎಲ್ಲರಿಗೂ ಕಲಿಸುವ ಹೊಣೆ.

“ಒಪ್ಪಲ್ಲ! ಇದು ನನಗೆ ಬೇಡ!” ಎಂದು ಅಲ್ಪವಿರಾಮಣ್ಣ ಆ ಗಾಜನ್ನೇ ಕುಟ್ಟಿ ಕುಟ್ಟಿ ಕೂಗಿದ. ತಟ್ಟನೆ ಕೈ ಹಿಂದೆಳೆದುಕೊಂಡ.

ಗಾಜಿನ ನಟ್ಟನಡುವೆ ಒಂದು ಬೆರಳಗುರುತು ಉಳಿಯಿತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಮೂರು ಉಸಿರಿನಷ್ಟು ಹೊತ್ತು ತಡೆದುಕೊಂಡ.

ನಾಲ್ಕನೆಯದಕ್ಕೆ ಕೈ ಜೇಬಿಗೆ ಹೋಯಿತು, ಕರವಸ್ತ್ರಕ್ಕೆ.