ನೂರ ನಲವತ್ತು ಟ್ಯೂಬ್‌ಲೈಟುಗಳ ಮಾನದ ಪ್ರಶ್ನೆ

ನನ್ನ ಹೆಂಡತಿ ರೋಸ್ವಿತಾಗೆ ಈ ಲೋಕದಲ್ಲಿ ನೂರ ನಲವತ್ತು ಶತ್ರುಗಳಿದ್ದರು. ಎಲ್ಲರದೂ ಒಂದೇ ಎತ್ತರ, ಒಂದೇ ಬಣ್ಣ, ಎಲ್ಲರೂ ನಮ್ಮ ನೆಲಮಾಳಿಗೆಯಲ್ಲೇ ವಾಸ. ಅವು ನನ್ನ ಟ್ಯೂಬ್‌ಲೈಟುಗಳು.

ಮೂವತ್ತೆಂಟು ವರ್ಷ ನಾನು ನಮ್ಮೂರ ಶಾಲೆಯ ಕಟ್ಟಡವನ್ನು ನೋಡಿಕೊಂಡವನು. ಬೀಗದಿಂದ ಹಿಡಿದು ಬಾಯ್ಲರಿನವರೆಗೆ ಸಕಲ ಚರಾಚರಗಳೂ ನನ್ನ ಅಧೀನದಲ್ಲಿದ್ದವು. ನಾನು ನಿವೃತ್ತನಾದ ವರ್ಷ ಶಾಲೆಗೆ ಎಲ್‌ಇಡಿ ದೀಪಗಳು ಬಂದವು. ಹಳೆಯ ದಾಸ್ತಾನನ್ನು, ಅಂದರೆ ರಟ್ಟಿನ ಹೊದಿಕೆಯನ್ನೂ ಬಿಚ್ಚದಿದ್ದ ಹೊಚ್ಚ ಹೊಸ ಟ್ಯೂಬುಗಳನ್ನು, ಎಸೆಯಬೇಕೆಂದು ಆಜ್ಞೆಯಾಯಿತು. ಶ್ವಾಬಿಯಾದಲ್ಲಿ ಹುಟ್ಟಿದವನ ಎದುರಿಗೆ ‘ಎಸೆ’ ಅನ್ನುವುದೂ ಒಂದೇ, ಅವನ ಹೆತ್ತ ತಾಯಿಯನ್ನು ಬೈಯುವುದೂ ಒಂದೇ. (ಜರ್ಮನಿಯ ಉಳಿದ ಜನ ನಮ್ಮನ್ನು ಜುಗ್ಗರು ಅನ್ನುತ್ತಾರೆ. ಅನ್ನಲಿ. ಅವರ ನೆಲಮಾಳಿಗೆಗಳನ್ನು ನೋಡಿದ್ದೇನೆ, ಬಿಕೋ ಅನ್ನುತ್ತಿರುತ್ತವೆ.) ಮುಖ್ಯೋಪಾಧ್ಯಾಯಿನಿಯಿಂದ ಲಿಖಿತ ಅನುಮತಿ ಪಡೆದು, ಅದಕ್ಕೆ ಮೊಹರು ಹಾಕಿಸಿಕೊಂಡು, ನೂರ ನಲವತ್ತನ್ನೂ ಪಟ್ಟಿ, ಚೋಕು, ಸ್ಟಾರ್ಟರುಗಳ ಸಮೇತ ಮನೆಗೆ ತಂದೆ.

ಆರು ವರ್ಷ ಅವು ಆಲೂಗಡ್ಡೆ ಮತ್ತು ಪ್ಲಮ್ ಹಣ್ಣಿನ ಜಾಡಿಗಳ ನಡುವೆ ಸುಖವಾಗಿ ಮಲಗಿದ್ದವು. ಕಳೆದ ಮೇ ತಿಂಗಳಲ್ಲಿ ಆಲೂಗಡ್ಡೆ ತರಲು ಇಳಿದ ರೋಸ್ವಿತಾಳ ಮೊಣಕಾಲಿಗೆ ಪೆಟ್ಟಿಗೆಯ ಮೂಲೆ ತಗುಲಿತು.

“ಗಾಟ್‌ಹಿಲ್ಫ್, ಈ ಮನೇಲಿ ಇವಿರಬೇಕು, ಇಲ್ಲ ನಾನಿರಬೇಕು.”

“ಇಬ್ಬರೂ ಇರಬಹುದಲ್ಲ. ಜಾಗ ಇದೆ.”

“ಆರು ವರ್ಷದಲ್ಲಿ ಒಂದನ್ನಾದ್ರೂ ಹೊತ್ತಿಸಿದೀಯಾ?”

“ಹೊತ್ತಿಸಿದ್ರೆ ಸವೆಯುತ್ತೆ ಕಣೇ.”

ಆಕೆ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. ಆಮೇಲೆ ಶಾಸನ ಹೊರಡಿಸಿದಳು. “ಸಂತ ಮಾರ್ಟಿನ್ ಹಬ್ಬದ ಬಾತುಕೋಳಿ ಒಲೆಗೆ ಏರೋ ಹೊತ್ತಿಗೆ ಇವುಗಳಿಂದ ಈ ಮನೆಗೆ ಒಂದೇ ಒಂದು ಉಪಯೋಗ ಆಗಿರಬೇಕು. ಆಗಿದ್ರೆ ಇಟ್ಟುಕೋ, ನಾನು ಸಾಯೋವರೆಗೂ ಬಾಯಿ ಬಿಡಲ್ಲ. ಆಗದಿದ್ರೆ ಮಾರನೇ ದಿನ ನೀನೇ ನಿನ್ನ ಕೈಯಾರೆ ಅವನ್ನೆಲ್ಲ ಗುಜರಿಗೆ ಹಾಕಿ ಬರಬೇಕು.”

ಹಬ್ಬ ಇರುವುದು ನವೆಂಬರ್ ಹನ್ನೊಂದಕ್ಕೆ. ನನ್ನ ಕೈಯಲ್ಲಿ ಆರು ತಿಂಗಳಿತ್ತು.

ಮಹದುಪಾಯಗಳು ಹೊಳೆಯುವುದು ಅಡುಗೆಮನೆಯಲ್ಲೇ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಯಂತ್ರದಲ್ಲಿ ಬಟ್ಟಲುಗಳನ್ನು ಯಾವ ಕೋನದಲ್ಲಿ ಇಡಬೇಕೆಂದು ರೋಸ್ವಿತಾಗೆ ತೋರಿಸಿಕೊಡುತ್ತಿದ್ದೆ. (ನಲವತ್ತೊಂದು ವರ್ಷ ಸಂಸಾರ ಮಾಡಿದರೂ ಆಕೆಗೆ ಇದು ತಿಳಿದಿರಲಿಲ್ಲ, ನಾನು ನಿವೃತ್ತನಾದ ಮೇಲೇ ಕಲಿಸಲು ಸಮಯ ಸಿಕ್ಕಿದ್ದು.) ಮೇಜಿನ ಮೇಲಿನ ಪತ್ರಿಕೆಯಲ್ಲಿ ಹೊಸ ಕಾನೂನಿನ ವಿವರವಿತ್ತು. ಇನ್ನು ಮುಂದೆ ವಯಸ್ಕನಾದ ಪ್ರತಿಯೊಬ್ಬ ಪ್ರಜೆಯೂ ತನ್ನ ಮನೆಯಲ್ಲಿ, ತನ್ನ ಬಳಕೆಗೆ, ಮೂರು ಗಾಂಜಾ ಗಿಡ ಬೆಳೆಸಬಹುದು. ಬಿಸಿಲಿಲ್ಲದವರು ದೀಪದ ಬೆಳಕಿನಲ್ಲೂ ಬೆಳೆಸಬಹುದು.

ದೀಪ ಎಂಬ ಪದ ಕಂಡದ್ದೇ ನನ್ನ ಮೈ ಜುಂ ಎಂದಿತು.

ಒಪ್ಪಿಕೊಳ್ಳುತ್ತೇನೆ, ಸೈಕಲ್ ಶೆಡ್ಡಿನ ಹಿಂದೆ ಇದೇ ಸೊಪ್ಪು ಸೇದುತ್ತಿದ್ದ ಎರಡು ತಲೆಮಾರನ್ನು ಪೊರಕೆ ಹಿಡಿದು ಅಟ್ಟಿದವನು ನಾನೇ. ಆದರೆ ಆಗ ಕಾನೂನು ಬೇಡ ಅಂದಿತ್ತು, ಅಟ್ಟಿದೆ. ಈಗ ಬೇಕಾದರೆ ಬೆಳೆಸು ಅನ್ನುತ್ತಿದೆ, ಬೆಳೆಸುತ್ತೇನೆ. ಇದಲ್ಲದೆ ರೋಸ್ವಿತಾಗೆ ಐದಾರು ವರ್ಷಗಳಿಂದ ನಿದ್ದೆ ಸರಿಯಿರಲಿಲ್ಲ. ಹೊದಿಕೆ ಬದಲಾಯಿಸಿದೆವು, ಸಂಜೆಯ ಕಾಫಿ ಬಿಡಿಸಿದೆ, ಮಂಚವನ್ನು ಉತ್ತರದಿಂದ ಪೂರ್ವಕ್ಕೆ ತಿರುಗಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಭಂಗಿ ಸೊಪ್ಪು ನಿದ್ದೆಗೆ ಒಳ್ಳೆಯದಂತೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಟ್ಯೂಬುಗಳಿಗೆ ಮಾನ, ಹೆಂಡತಿಗೆ ನಿದ್ದೆ: ಒಂದೇ ಕಲ್ಲಿಗೆ ಎರಡು ಹಕ್ಕಿ.

ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು. “ಇದಕ್ಕೆ ನೀನು ದಿನಾ ಎಷ್ಟು ಹೊತ್ತು ಕೆಳಗಿರಬೇಕಾಗುತ್ತೆ?”

“ಹೆಚ್ಚುಕಡಿಮೆ ಇಡೀ ದಿನ.”

“ಮಾಡು,” ಅಂದಳು. ಇಷ್ಟು ಸುಲಭವಾಗಿ ಆಕೆ ನನ್ನ ಯಾವ ಯೋಜನೆಗೂ ಅಂಕಿತ ಹಾಕಿದ್ದಿಲ್ಲ.

ಅಂಚೆಯಲ್ಲಿ ಬೀಜ ಬಂತು. ಮೂರು ಕುಂಡ, ಮೂರು ಮೊಳಕೆ. ನಾನು ಶಾಲೆಯಲ್ಲಿ ಮೂವರು ಮುಖ್ಯಸ್ಥರ ಕೈಕೆಳಗೆ ದುಡಿದವನು; ಅವರ ಹೆಸರನ್ನೇ ಗಿಡಗಳಿಗಿಟ್ಟೆ. ಡಾಕ್ಟರ್ ಫಿಂಕ್‌ಬೈನರ್, ಹೆರ್ ಮಾಕ್, ಫ್ರೌ ಓಬರ್ಲೆ. (ಹೆರ್ ಅಂದರೆ ಶ್ರೀಮಾನ್, ಫ್ರೌ ಅಂದರೆ ಶ್ರೀಮತಿ.) ಇಪ್ಪತ್ತನಾಲ್ಕು ಟ್ಯೂಬುಗಳು ಆರು ವರ್ಷಗಳ ನಿದ್ದೆಯಿಂದ ಪಿಳಿಪಿಳಿ ಕಣ್ಣು ಬಿಟ್ಟು ಹೊತ್ತಿಕೊಂಡ ಗಳಿಗೆಯಲ್ಲಿ, ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು.

ಟ್ಯೂಬಿನ ಬೆಳಕಿಗೆ ಒಂದು ದೌರ್ಬಲ್ಯವಿದೆ. ಗೇಣು ದೂರದಲ್ಲಿ ಅದು ಸೂರ್ಯ, ಮೊಳ ದೂರಕ್ಕೆ ಬರೀ ಬೆಳದಿಂಗಳು. ಗಿಡ ಎತ್ತರ ಬೆಳೆದರೆ ತಲೆ ಸುಟ್ಟುಕೊಳ್ಳುತ್ತದೆ, ಬುಡ ಕತ್ತಲಲ್ಲಿ ಕೊರಗುತ್ತದೆ. ಆದ್ದರಿಂದ ಅದನ್ನು ಮೇಜಿನಂತೆ ಅಗಲಕ್ಕೆ ಬೆಳೆಸಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆ ಮನೆಯ ದಕ್ಷಿಣದ ಗೋಡೆಗೆ ಮರಸೇಬಿನ ಗಿಡ ಒರಗಿಸಿ, ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ, ಗೋಡೆಗೆ ಅಂಟಿಸಿದ ಹಾಗೆ ಬೆಳೆಸುತ್ತೇವೆ. ನನ್ನ ಅಜ್ಜ ಅದರಲ್ಲಿ ಎತ್ತಿದ ಕೈ. ಅಜ್ಜನ ವಿದ್ಯೆಯನ್ನೇ ನೆಲಮಾಳಿಗೆಗೆ ಇಳಿಸಿದೆ. ಫಿಂಕ್‌ಬೈನರರ ತಲೆ ಚಿವುಟಿದೆ. ಮಾಕ್‌ರನ್ನು ಬಗ್ಗಿಸಿ ಕುಂಡದ ಅಂಚಿಗೆ ದಾರದಿಂದ ಕಟ್ಟಿದೆ. ಫ್ರೌ ಓಬರ್ಲೆ ಎಷ್ಟು ಬಗ್ಗಿಸಿದರೂ ಮರುದಿನ ಮತ್ತೆ ಸೆಟೆದು ನಿಲ್ಲುತ್ತಿದ್ದರು (ಕೆಲಸದಲ್ಲಿದ್ದಾಗಲೂ ಹಾಗೆಯೇ). ಅವರಿಗೆ ಎರಡೆಳೆ ದಾರ ಬೇಕಾಯಿತು. ಮೂವತ್ತೆಂಟು ವರ್ಷ ಯಾರಿಗೆ ಬಗ್ಗಿ ನಡೆದೆನೋ ಅವರೆಲ್ಲ ಈಗ ನನ್ನ ಕೈಯಲ್ಲಿ ಬಗ್ಗುತ್ತಿದ್ದರು. ನಿವೃತ್ತಿ ಜೀವನದಲ್ಲಿ ಇಷ್ಟು ಸಂತೋಷ ಉಂಟೆಂದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ ದೀಪ ಹಾಕುತ್ತಿದ್ದೆ. (ಟೈಮರ್ ಕೊಳ್ಳಬಹುದಿತ್ತು. ಕೈಯಿರುವವನಿಗೆ ಟೈಮರ್ ಯಾಕೆ?) ರೋಸ್ವಿತಾಳ ಉತ್ಸಾಹವನ್ನಂತೂ ಏನೆಂದು ಹೇಳಲಿ. ಮೊದಲ ವಾರ ಹಳೆಯ ಆರಾಮ ಕುರ್ಚಿ ಕೆಳಗೆ ಬಂತು. ಎರಡನೇ ವಾರ ರೇಡಿಯೋ. ಆಮೇಲೆ ಕಾಫಿ ಫ್ಲಾಸ್ಕು, ಕಾಲಿಗೆ ಹೊದಿಕೆ, ಒಂದು ಕ್ಯಾಲೆಂಡರು. “ಗಿಡಗಳನ್ನ ಒಂಟಿಯಾಗಿ ಬಿಡಬಾರದು ಪಾಪ,” ಅನ್ನುತ್ತಿದ್ದಳು. ಕೃಷಿ ವಿಜ್ಞಾನದಲ್ಲಿ ಆಕೆಗೆ ಇಷ್ಟೊಂದು ಆಸಕ್ತಿಯಿದೆ ಎಂದು ನಾನೆಂದೂ ಅಂದುಕೊಂಡಿರಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ಜೂನ್ ಮುಗಿಯುವಷ್ಟರಲ್ಲಿ ಆಕೆಗೆ ನಿದ್ದೆ ಬರತೊಡಗಿತು. ಸೊಪ್ಪು ಇನ್ನೂ ಗಿಡದಲ್ಲೇ ಇತ್ತು. ಬರೀ ಗಾಳಿಗೇ ಇಷ್ಟು ಗುಣ ಎಂದು ನಾನು ಬೀಗಿದೆ.

ಕಷ್ಟ ಶುರುವಾದದ್ದು ಸೆಪ್ಟೆಂಬರಿನಲ್ಲಿ. ಈ ಗಿಡ ಹೂ ಬಿಡಬೇಕಾದರೆ ದಿನಕ್ಕೆ ಹನ್ನೆರಡು ಗಂಟೆ ಕಗ್ಗತ್ತಲು ಬೇಕು. ನಡುವೆ ಒಂದು ಬಲ್ಬು ಹೊತ್ತಿದರೂ ಅದಕ್ಕೆ ಬುದ್ಧಿಭ್ರಮಣೆಯಾಗುತ್ತದೆ. ನಾನು ನೆಲಮಾಳಿಗೆಯ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ: ಸಂಜೆ ಐದರಿಂದ ಬೆಳಿಗ್ಗೆ ಐದರವರೆಗೆ ದೀಪ ನಿಷಿದ್ಧ.

“ಪ್ಲಮ್ ಜಾಡಿ ತರೋದಕ್ಕೂ ವೇಳಾಪಟ್ಟೀನಾ?” ರೋಸ್ವಿತಾ ಕೇಳಿದಳು.

“ಐದಕ್ಕೆ ಮೊದಲೇ ಯೋಚನೆ ಮಾಡಬೇಕು.”

“ಏಳು ಗಂಟೆ ಕಡುಬಿನ ಬಗ್ಗೆ ನಾಲ್ಕಕ್ಕೇ ಯೋಚನೆ ಮಾಡೋಕೆ ನಾನೇನು ಜ್ಯೋತಿಷಿಯಾ?”

ಆ ಸಂಜೆ ಆಕೆ ದೀಪ ಹಾಕದೆ, ಗೋಡೆ ತಡವುತ್ತ ಇಳಿದು, ಕೈಗೆ ಸಿಕ್ಕ ಜಾಡಿಯನ್ನು ತಂದಳು. ಸಿಹಿ ಕಡುಬಿನ ಜೊತೆ ನನ್ನ ತಟ್ಟೆಗೆ ಸೌತೆಕಾಯಿ ಉಪ್ಪಿನಕಾಯಿ ಬಂತು.

“ಕತ್ತಲಲ್ಲಿ ಸಿಕ್ಕಿದ್ದು ಇದು. ನಿಯಮ ನಿಂದು, ನೀನೇ ತಿನ್ನು.”

ತಿಂದೆ. ನಿಯಮ ಎಂದರೆ ನಿಯಮ.

ಹೂವಿನ ಜೊತೆ ವಾಸನೆಯೂ ಬಂತು. ಮೇಲಿನ ಮಹಡಿಯಲ್ಲಿ ಫ್ರೌ ರುಫ್ ಇದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಮೆಟ್ಟಿಲನ್ನು ಒಂದು ವಾರ ಅವರು, ಒಂದು ವಾರ ನಾವು ಗುಡಿಸುತ್ತ ಬಂದಿದ್ದೇವೆ. ಮಾತು ಇನ್ನೂ ಬಹುವಚನದಲ್ಲೇ ನಿಂತಿದೆ. ಪೊರಕೆ ಹಿಡಿದು ಬಾಗಿಲಿಗೆ ಬಂದರು.

“ಹೆರ್ ಕ್ನೌಪ್, ನಿಮ್ಮ ನೆಲಮಾಳಿಗೇಲಿ ಏನೋ ಸತ್ತಿರೋ ಹಾಗಿದೆ.”

“ಸತ್ತಿಲ್ಲ ಫ್ರೌ ರುಫ್, ಬೆಳೀತಾ ಇದೆ. ಕಾನೂನಿನ ಪ್ರಕಾರವೇ.” ನಾನು ಕಲಮುಗಳನ್ನು ಓದಿ ಹೇಳಿದೆ.

ಅವರು ಗಂಭೀರವಾಗಿ ಕೇಳಿಸಿಕೊಂಡರು. “ಕಾನೂನು ಒಪ್ಪಿದ ಮೇಲೆ ನನ್ನದೇನೂ ತಕರಾರಿಲ್ಲ. ಆದ್ರೆ ನನ್ನ ಮೂಗು ಕಾನೂನು ಓದಿಲ್ಲ ನೋಡಿ. ನಮ್ಮ ಮೆಟ್ಟಿಲಲ್ಲಿ ಹುಳಿಕೋಸಿನ ವಾಸನೆ ಬಂದ್ರೆ ಸಹಿಸಬಹುದು, ಅದು ನಮ್ಮದೇ. ಇದು ಯಾರದ್ದು?”

ಅವರ ಮಾತಿನಲ್ಲೇ ಪರಿಹಾರವಿತ್ತು. ಒಂದು ವಾಸನೆಯನ್ನು ಇನ್ನೊಂದು ವಾಸನೆಯಿಂದಲೇ ಗೆಲ್ಲಬೇಕು. ದಿನಾ ಹುಳಿಕೋಸು, ಅಂದರೆ ಹುಳಿ ಬರಿಸಿದ ಎಲೆಕೋಸು, ಬೇಯಿಸಬೇಕೆಂದು ರೋಸ್ವಿತಾಗೆ ಹೇಳಿದಾಗ, “ನೀನೇ ಬೇಯಿಸು. ಸಣ್ಣ ಒಲೇನ ಕೆಳಗೇ ತೊಗೊಂಡು ಹೋಗು,” ಎಂದು ಕ್ಷಣವೂ ತಡಮಾಡದೆ ಒಲೆಯನ್ನು ತಾನೇ ಹೊತ್ತು ಇಳಿಸಿದಳು. ಏಳು ವಾರ ನಾನು ಕೋಸು ಬೇಯಿಸಿದೆ. ಬೇಯಿಸಿದ್ದನ್ನು ಎಸೆಯುವಂತಿಲ್ಲವಲ್ಲ, ಏಳು ವಾರ ಕೋಸನ್ನೇ ತಿಂದೆ. ನನ್ನ ಹೊಟ್ಟೆಯ ವೃತ್ತಾಂತವನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಟೋಬರ್ ಕೊನೆಗೆ ಕೊಯ್ಲು. ಮೂವರು ಮುಖ್ಯಸ್ಥರನ್ನೂ ಗೌರವದಿಂದ ಕತ್ತರಿಸಿ, ತಲೆಕೆಳಗಾಗಿ ತೂಗುಹಾಕಿ ಒಣಗಿಸಿದೆ. ಹಬ್ಬಕ್ಕೆ ಎರಡು ದಿನವಿರುವಾಗ ರೋಸ್ವಿತಾಳ ಕೇಕಿನ ತಕ್ಕಡಿಯಲ್ಲಿ ತೂಗಿದೆವು. ನೂರ ಎಂಬತ್ತೇಳು ಗ್ರಾಂ.

“ಗೆದ್ದೆ,” ಅಂದೆ. “ಇದು ಉಪಯೋಗ ಅಲ್ಲ ಅಂತ ಈಗ ಹೇಳು ನೋಡೋಣ.”

“ಅಲ್ಲ ಅಂತ ನಾನೆಲ್ಲಿ ಹೇಳಿದೆ? ಆದ್ರೆ ನಿನ್ನ ಕಾನೂನು ಏನು ಹೇಳುತ್ತೆ, ಅದನ್ನೊಮ್ಮೆ ಪೂರ್ತಿ ಓದು.”

ನಾನು ಪೂರ್ತಿ ಓದಿದ್ದು ಗಿಡ ನೆಡುವ ಭಾಗವನ್ನು. ಕನ್ನಡಕ ಹಾಕಿಕೊಂಡು ಉಳಿದದ್ದನ್ನು ಓದಿದೆ. ಒಬ್ಬ ವಯಸ್ಕ ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದು ಐವತ್ತು ಗ್ರಾಂ. ಅದಕ್ಕಿಂತ ಹೆಚ್ಚಿನದನ್ನು ತಡಮಾಡದೆ ನಾಶ ಮಾಡಬೇಕು. ಯಾರಿಗೂ ಕೊಡುವ ಹಾಗಿಲ್ಲ.

“ಐವತ್ತು ಗ್ರಾಂ ನನ್ನ ಪಾಲಿಗೆ ಹಾಕಿಬಿಡು,” ರೋಸ್ವಿತಾ ಅಂದಳು.

“ಆಗಲ್ಲ. ನೀನು ಬೆಳೆಸಿಲ್ಲ. ನಾನು ಬೆಳೆಸಿದ್ದನ್ನ ಇನ್ನೊಬ್ಬರಿಗೆ ಕೊಡಬಾರದು.”

“ಹೆಂಡತಿಗೂ?”

“ಹೆಂಡತಿ ಅಂತ ವಿನಾಯಿತಿ ಎಲ್ಲೂ ಬರೆದಿಲ್ಲ.”

“ಅಲ್ಲ ಗಾಟ್‌ಹಿಲ್ಫ್, ನನ್ನ ನಿದ್ದೆಗೆ ಅಂತ ಆರು ತಿಂಗಳು ಬೆಳೆಸಿದ್ದನ್ನ ನನಗೇ ಕೊಡೋಹಾಗಿಲ್ವಾ?”

ಆಕೆ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಾನೂನು ಮುರಿಯುವುದು ನನ್ನ ಜಾಯಮಾನದಲ್ಲಿಲ್ಲ, ಎಸೆಯುವುದು ನನ್ನ ರಕ್ತದಲ್ಲಿಲ್ಲ. ನನ್ನಂಥವನೊಬ್ಬನ ಒಳಗೆ ಇವೆರಡೂ ಹೀಗೆ ಜಡೆ ಹಿಡಿದು ಜಗಳವಾಡಿದರೆ ಆ ಮನುಷ್ಯನ ಗತಿ ಏನಾಗಬೇಕು? ಎರಡು ಗಂಟೆ ಕುರ್ಚಿಯಲ್ಲಿ ಕೂತೆ. ಕೊನೆಗೆ ಕಾನೂನು ಗೆದ್ದಿತು. ನೂರ ಮೂವತ್ತೇಳು ಗ್ರಾಂ ಹೂವನ್ನು, ಫ್ರೌ ರುಫ್ ಅವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಹಿತ್ತಿಲ ಗೊಬ್ಬರದ ಗುಂಡಿಗೆ ಹಾಕಿ, ನೀರು ಸುರಿದು, ಮಿಕ್ಕ ಹುಳಿಕೋಸಿನ ಜೊತೆ ಕಲಸಿದೆ. ನನ್ನ ತಂದೆಯ ಅಂತ್ಯಕ್ರಿಯೆಯಲ್ಲಿ ಮಾಡಿದ ಹಾಗೆ ಟೋಪಿ ತೆಗೆದು ತಲೆ ಬಾಗಿಸಿದೆ.

ಉಳಿದ ಐವತ್ತಾದರೂ ಉಪಯೋಗವಾಗಲಿ ಎಂದು ಜೀವಮಾನದ ಮೊದಲ ದಮ್ಮು ಎಳೆದೆ. ಮೇಲಿನ ಮನೆಯವರು ಇಳಿದು ಬಂದು ಬೆನ್ನು ತಟ್ಟಬೇಕಾಗುವಷ್ಟು ಕೆಮ್ಮಿದೆ. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಹಬ್ಬದ ದಿನ ಬಾತು ಒಲೆಯಲ್ಲಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ಅಪರಾಧಿಯಂತೆ ನಿಂತೆ.

“ರೋಸ್ವಿತಾ, ಸೋತೆ. ಉಪಯೋಗ ಆಗಲಿಲ್ಲ. ನಾಳೆ ಕಾರಿನಲ್ಲಿ ಮೂರು ಸಲಕ್ಕೆ ಎಲ್ಲವನ್ನೂ ಸಾಗಿಸ್ತೀನಿ. ಒಂದೇ ಸಮಾಧಾನ, ಆ ಗಿಡದ ಗಾಳಿಗೆ ನಿನಗೆ ನಿದ್ದೆಯಾದ್ರೂ ಬಂತು.”

ಆಕೆ ಬಾತಿನ ಮೇಲೆ ರಸ ಸುರಿಯುವುದನ್ನು ನಿಲ್ಲಿಸಿದಳು.

“ಗಿಡದ ಗಾಳಿಗಾ? ನಾನು ಆ ಗಿಡಗಳ ಹತ್ತಿರ ಎಷ್ಟು ಹೊತ್ತು ನಿಂತಿದೀನಿ? ನೀನು ಬೆಳಿಗ್ಗೆ ಐದಕ್ಕೆ ಎದ್ದು ಹೋಗ್ತಿದ್ದೆ. ಆಮೇಲೆ ಗೊರಕೆ ಇಲ್ಲ, ಇಡೀ ಹಾಸಿಗೆ ನಂದು. ಎಂಟರವರೆಗೆ ಹಾಯಾಗಿ ಮಲಗ್ತಿದ್ದೆ. ಎದ್ದು ಬಂದ್ರೆ ಅಡುಗೆಮನೇಲಿ ಬಟ್ಟಲನ್ನ ಯಾವ ಕೋನದಲ್ಲಿಡಬೇಕು ಅಂತ ಹೇಳೋರು ಯಾರೂ ಇಲ್ಲ. ನೀನು ಶಾಲೆ ಬಿಟ್ಟ ಮೇಲೆ ಇಷ್ಟು ನೆಮ್ಮದಿಯಾಗಿ ಆರು ತಿಂಗಳು ಕಳೆದಿರಲಿಲ್ಲ.”

ನನ್ನ ತಲೆಯೊಳಗಿನ ಟ್ಯೂಬ್‌ಲೈಟು ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿ, ರೇಡಿಯೋ, ಫ್ಲಾಸ್ಕು, ಒಲೆ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು.

“ಹಾಗಾದ್ರೆ ಟ್ಯೂಬುಗಳು?”

“ಇರಲಿ. ಒಂದೇ ಒಂದು ಉಪಯೋಗ ಕೇಳಿದ್ದೆ, ಆಗಿದೆ. ಮಾತು ಅಂದ್ರೆ ಮಾತು.”

ಗೆದ್ದೆನೋ ಸೋತೆನೋ ತಿಳಿಯದೆ, ಬಾತಿನ ಕಾಲಿನ ಭಾಗವನ್ನು ತಿಂದೆ. ಬಹಳ ರುಚಿಯಾಗಿತ್ತು. ಆಮೇಲೆ ಕೇಳಿದೆ: “ಮುಂದಿನ ವರ್ಷ ಏನು ಬೆಳೆಯಲಿ?”

“ಏನಾದ್ರೂ ಬೆಳಿ. ನಿಧಾನವಾಗಿ ಬೆಳೆಯೋದನ್ನ ನೋಡಿ ಹಾಕು.”

ಈಗ ಕೆಳಗೆ ನಿಂಬೆಯ ಬೀಜ ಹಾಕಿದ್ದೇನೆ. ಹಣ್ಣು ಬಿಡಲು ಹನ್ನೆರಡು ವರ್ಷವಾದರೂ ಬೇಕಂತೆ. ನಿನ್ನೆ ರೋಸ್ವಿತಾ ಒಂದು ಮಡಚುವ ಮಂಚವನ್ನೂ ಕೆಳಗೆ ಇಳಿಸಿದಳು.