ಕೊಟ್ರೇಶನ ಹೋಳಿಗೆ ನಿರಾಕರಣ ಪರ್ವ

ಕಾಲುಗಳಿರುವುದು ಸ್ಕೂಟಿಯ ಮೇಲೆ ಇಡಲಿಕ್ಕೆಂದೂ, ಬೆರಳುಗಳಿರುವುದು ಮೊಬೈಲು ಉಜ್ಜಲಿಕ್ಕೆಂದೂ ಮನುಕುಲವು ಒಮ್ಮತದಿಂದ ನಿಶ್ಚಯಿಸಿದ್ದ ಕಲಿಯುಗದ ಆ ಮಹಿಮಾನ್ವಿತ ಕಾಲದಲ್ಲಿ, ದಾವಣಗೆರೆಯೆಂಬ ಬೆಣ್ಣೆಯ ಪರಿಮಳದ ಪಟ್ಟಣದಲ್ಲಿ ನಡೆದ ಘೋರಸಮರವನ್ನು ಹೇಳಹೊರಟಿದ್ದೇನೆ. ಕಾದ ಹಂಚಿನಲ್ಲಿ ನೆಲೆಸಿರುವ ತಾಯಿ ಅನ್ನಪೂರ್ಣೆ, ನನ್ನ ನಾಲಗೆಯ ಮೇಲೆ ನಿಲ್ಲು. ನೀರೂರಿಸಬೇಡ, ಕಥೆ ಕೆಡುತ್ತದೆ.

ಸೋಫಾಸಿಂಹಾಸನಾರೂಢನೂ, ಚಿಪ್ಸ್‌ಪೊಟ್ಟಣವಿದಾರಣಪಂಡಿತನೂ, ಮಹಡಿಯ ಮೆಟ್ಟಿಲು ಕಂಡೊಡನೆ ಏದುಸಿರು ಬಿಡುವ ಮಹಾರಥಿಯೂ ಆದ ಹತ್ತನೆಯ ತರಗತಿಯ ಕೊಟ್ರೇಶನೇ ಈ ಕಥೆಯ ನಾಯಕನು. ಹುಟ್ಟುವಾಗಲೇ ಹೀಗಿದ್ದನೆಂದು ತಿಳಿಯಬೇಡಿ. ಆ ಮೈಯನ್ನು ಕಟ್ಟಲು ಇಡೀ ಕುಲವೇ ಬೆವರು ಸುರಿಸಿತ್ತು, ಅವನೊಬ್ಬನನ್ನು ಬಿಟ್ಟು. ಕೂಗಳತೆಯ ಟ್ಯೂಷನ್ನಿಗೂ "ಬಿಸ್ಲಾಗೆ ಸುಸ್ತಾಗ್ತಾನೆ" ಎಂದು ತಾಯಿ ಶಿವಲೀಲಾ ಸ್ಕೂಟಿಯಲ್ಲಿ ಬಿಟ್ಟುಬರುತ್ತಿದ್ದಳು. ಅಂಕ ಬಂದರೆ ಬಹುಮಾನವೆಂದು, ಬಾರದಿದ್ದರೆ ಸಮಾಧಾನವೆಂದು ತಂದೆ ಬೆಣ್ಣೆದೋಸೆ ಕೊಡಿಸುತ್ತಿದ್ದನು. ಆಡಲು ಹೋಗುವೆನೆಂದರೆ ಇಬ್ಬರೂ ಒಂದೇ ಬಾಯಲ್ಲಿ "ಎಸ್ಸೆಸ್ಸೆಲ್ಸಿ ಮುಗೀಲಿ" ಎನ್ನುತ್ತಿದ್ದರು. ಇವರೆಲ್ಲರಿಗೂ ಸೇನಾಧಿಪತಿಯೆಂದರೆ ಸೌಟುಪಾಣಿಯೂ ತುಪ್ಪಪ್ರವಾಹಿಣಿಯೂ ಆದ ಹಾಲಮ್ಮಜ್ಜಿ. ಆಕೆಯ ಕಣ್ಣಿಗೆ ಬಾಗಿಲಲ್ಲಿ ತೂರಬಲ್ಲ ಮೊಮ್ಮಗನೆಲ್ಲ ಸೊರಗಿದ ಮೊಮ್ಮಗನೇ.

ಹೀಗಿರಲು ಒಂದು ಸೋಮವಾರ ಶಾಲೆಯ ಪಿ.ಟಿ. ಮೇಷ್ಟ್ರು ತಿಪ್ಪೇಸ್ವಾಮಿಯವರು ಎಲ್ಲರೆದುರು ಪಣವೊಡ್ಡಿದರು: "ಲೇ ಕೊಟ್ರೇಶಿ, ಶನಿವಾರ ಆಟದ ಪೀರಿಯಡ್ನಾಗೆ ಗ್ರೌಂಡ್ ಒಂದ್ ರೌಂಡ್ ನಿಲ್ದಂಗೆ ಓಡು ನೋಡಾನ. ಓಡಿದ್ರೆ ಖೋಖೋ ಟೀಮಿಗೆ ನಿನ್ನೂ ತಗೊಂತೀನಿ."

ತರಗತಿ ನಕ್ಕಿತು. ಕೊಟ್ರೇಶ ನಗಲಿಲ್ಲ. ಖೋಖೋ ಎಂದರೆ ಅವನಿಗೆ ಪ್ರಾಣ. ಗೆಳೆಯರು ಆಡುವಾಗಲೆಲ್ಲ ಅವರ ಚಪ್ಪಲಿ ಕಾಯುತ್ತ ಕಟ್ಟೆಯ ಮೇಲೆ ಕೂರುವುದು ಅವನಿಗೆ ಒದಗಿಬಂದಿದ್ದ ಹುದ್ದೆ. ಅಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದನು, ಆದರೆ ಒಳಗೆ ಬಹಳ ನೋವಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಅಂದಿನಿಂದ ದಿನವೂ ಸಂಜೆ ಮಾಳಿಗೆಯ ಮೇಲೆ ಒಬ್ಬನೇ ಓಡಿದನು. ಊಟದಲ್ಲಿ ಏನಿದ್ದರೂ ಒಮ್ಮೆ ಬಡಿಸಿದ್ದೇ ಕೊನೆಯೆಂದು ಪ್ರತಿಜ್ಞೆ ಮಾಡಿದನು.

ವಿಧಿಯಾದರೋ ಶುಕ್ರವಾರ ಅಮಾವಾಸ್ಯೆಯನ್ನು ತಂದಿಟ್ಟಿತು. ಅಮಾವಾಸ್ಯೆಯೆಂದರೆ ಆ ಮನೆಯಲ್ಲಿ ಹೋಳಿಗೆ.

ಮೊದಲನೆಯ ಹೋಳಿಗೆ ಸಂಧಿಯ ಷರತ್ತಿನಂತೆ ಶಾಂತವಾಗಿ ಮುಗಿಯಿತು. ಎರಡನೆಯದನ್ನು ಸೌಟಿನ ಬೆನ್ನಮೇಲೇರಿಸಿಕೊಂಡು ಅಜ್ಜಿ ಮುನ್ನುಗ್ಗುತ್ತಲೇ, ನಾಯಕನು ಎರಡೂ ಕೈಗಳನ್ನು ತಟ್ಟೆಯ ಮೇಲೆ ಗುರಾಣಿಯಾಗಿ ಚಾಚಿದನು. "ಎಲೈ ಪಿತಾಮಹಿಯೆ! ಸಪ್ತಸಾಗರಗಳು ತುಪ್ಪವಾಗಿ ಉಕ್ಕಿದರೂ, ಮೇರುಪರ್ವತವು ಹೂರಣವಾಗಿ ಉರುಳಿದರೂ, ಈ ತಟ್ಟೆಯಲ್ಲಿ ಎರಡನೆಯ ಹೋಳಿಗೆಗೆ ಸೂಜಿಮೊನೆಯಷ್ಟೂ ಜಾಗವನ್ನು ಕೊಡೆನು!" ಎಂದು ಅವನ ಕಣ್ಣುಗಳು ಗರ್ಜಿಸಿದವು. ಬಾಯಿಂದ ಬಂದದ್ದು ಇಷ್ಟು: "ಸಾಕಜ್ಜಿ. ಬ್ಯಾಡ."

"ಬ್ಯಾಡ ಅನ್ನೋ ಮಾತು ಈ ಮನ್ಯಾಗೆ ಯಾರೂ ಆಡಿಲ್ಲ! ಮಖ ನೋಡು, ಹೆಂಗ್ ಬತ್ತಿ ಹೋಗೈತಿ!"

ಆ ಬತ್ತಿದ ಮುಖವು ಅಮಾವಾಸ್ಯೆಯ ಮನೆಯೊಳಗೆ ಹುಣ್ಣಿಮೆಯಾಗಿ ಬೆಳಗುತ್ತಿತ್ತು. ಸಾಕು ಎಂದವನಿಗೆ ಕೈಯ ಮೇಲೇ ಬಡಿಸುವುದು ನಮ್ಮವರ ಸನಾತನ ಯುದ್ಧನೀತಿಯಷ್ಟೆ. ಅಜ್ಜಿ ಬಿಸಿತುಪ್ಪವನ್ನು ಅವನ ಬೆರಳಸಂದಿಯ ಮೇಲೆ ತೊಟ್ಟಿಕ್ಕಿಸಿದಳು. ಕೈ ಸರಿಯಲಿಲ್ಲ. ತಂದೆ ತಟಸ್ಥನೆಂದು ಸಾರಿಕೊಂಡು ತನ್ನ ನಾಲ್ಕನೆಯದನ್ನು ಮುರಿದನು. ತಾಯಿಯು ಕುಲಪರಂಪರೆಯ ಮಹಾಸ್ತ್ರವನ್ನೇ ಹೂಡಿದಳು: "ಇವತ್ತೊಂದಿನ ತಿನ್ನೋ. ನಾಳೆಯಿಂದ ಡಯಟ್ ಮಾಡೀಯಂತೆ." ಅದೂ ವ್ಯರ್ಥವಾಗಲು, ಅಜ್ಜಿ ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ತಿನ್ಬ್ಯಾಡ ಬಿಡಪ್ಪಾ. ನಾ ಹೋದ ಮ್ಯಾಲೆ ಯಾರ್ ಮಾಡಿ ಹಾಕ್ತಾರೋ ನೋಡ್ತೀನಿ."

ಸತ್ತ ಮೇಲೆ ಹೇಗೆ ನೋಡುವಳೆಂದು ಕೇಳುವ ಧೈರ್ಯ ದೇವೇಂದ್ರನಿಗೂ ಇರಲಿಲ್ಲ. ಕೊಟ್ರೇಶನ ಕೈ ಒಂದು ಬೆರಳಿನಷ್ಟು ಸರಿಯಿತು. ಆಮೇಲೆ ಅವನು ತಲೆಯೆತ್ತದೆ ಹೇಳಿದನು: "ಅಜ್ಜಿ, ನಾಳೆ ನಾನು ಓಡಬೇಕು. ಎಲ್ರ ಚಪ್ಪಲಿ ಕಾದು ಕಾದು ಸಾಕಾಗೈತಿ ನಂಗೆ."

ಅಜ್ಜಿ ಅವನನ್ನೇ ನೋಡಿದಳು. ಹೋಳಿಗೆಯನ್ನು ಮೆಲ್ಲಗೆ ಬುಟ್ಟಿಗೆ ಹಿಂದಿರುಗಿಸಿದಳು. ದೇವತೆಗಳು ಪುಷ್ಪವೃಷ್ಟಿ ಕರೆದರು. ಫ್ಯಾನಿನ ಧೂಳೆಂದು ಶಿವಲೀಲಾ ಅದನ್ನು ಒರೆಸಿದಳು.

ಮರುದಿನ ಬೆಳಿಗ್ಗೆ ಅಜ್ಜಿಯೇ ಡಬ್ಬಿ ಕಟ್ಟಿ ಬಾಗಿಲಿಗೆ ಬಂದಳು. "ಓಡಾಕೆ ಶಕ್ತಿ ಬೇಕಲ್ಲಪ್ಪಾ. ಡಬ್ಬಿ ಖಾಲಿ ಮಾಡು," ಎಂದಳು. ತಾಯಿ ಸ್ಕೂಟಿ ತೆಗೆದರೂ ಹತ್ತದೆ, ವಿಜಯಪಾದದ್ವಯನಾಗಿ ಅವನು ನಡೆದೇ ಶಾಲೆ ಸೇರಿದನು. ಆಟದ ಪೀರಿಯಡ್ಡಿನ ಗಂಟೆ ಮೊಳಗುತ್ತಲೇ ಶೂಗಳ ಲೇಸನ್ನು ಬಿಗಿದು, ಬಾಗಿಲತ್ತ ನೋಡುತ್ತ ಎದ್ದು ನಿಂತನು.

ಬಾಗಿಲಲ್ಲಿ ಕಂಡದ್ದು ಗಣಿತದ ರುದ್ರಮುನಿ ಮೇಷ್ಟ್ರು, ಕೈಯಲ್ಲಿ ಚಾಕ್‌ಪೀಸು.

"ಪೋರ್ಷನ್ ಭಾಳ ಉಳಿದೈತಿ. ಈ ಪೀರಿಯಡ್ ನಾನು ತಗೊಂಡೀನಿ. ಕೂತ್ಕೊಳ್ರೋ, ಪುಸ್ತಕ ತೆಗೀರಿ."

"ಸಾರ್, ಗ್ರೌಂಡು..." ಎಂದನು ಕೊಟ್ರೇಶ.

"ಗ್ರೌಂಡ್ ಎಲ್ಲೋಗ್ತೈತಿ? ಪರೀಕ್ಷೆ ಮುಗೀಲಿ."

ಮೇಷ್ಟ್ರು ಕೊಟ್ಟ ಲೆಕ್ಕ, ವೃತ್ತಾಕಾರದ ಮೈದಾನವೊಂದರ ಸುತ್ತಳತೆಯನ್ನು ಕಂಡುಹಿಡಿಯುವುದು. ನಮ್ಮ ನಾಯಕನು ಲೇಸು ಬಿಗಿದ ಶೂಗಳಲ್ಲಿ ಬೆಂಚಿನ ಮೇಲೆ ಕೂತು, ಎಲ್ಲರಿಗಿಂತ ಮೊದಲು ಅದನ್ನು ಸರಿಯಾಗಿ ಕಂಡುಹಿಡಿದನು. ಮೇಷ್ಟ್ರು ಶಹಬ್ಬಾಸ್ ಎಂದರು.

ತಿಂಡಿಯ ಬಿಡುವಿನಲ್ಲಿ ಅವನು ಡಬ್ಬಿ ತೆರೆದನು. ಮೇಲೆ ಒಂದೇ ಒಂದು ಜೋಳದ ರೊಟ್ಟಿ, ಪಥ್ಯದವರದ್ದು. ಅದನ್ನೆತ್ತಿದರೆ ಕೆಳಗೆ ಬಾಳೆಲೆಯಲ್ಲಿ ಸುತ್ತಿದ ನಿನ್ನೆಯ ಹೋಳಿಗೆ. ಕಿಟಕಿಯಾಚೆ ಬಿಸಿಲಲ್ಲಿ ಖಾಲಿ ಬಿದ್ದಿದ್ದ ಮೈದಾನವನ್ನು ನೋಡುತ್ತ ಆ ವೀರನು ತಿಂದನು.

ಎರಡಿದ್ದವು.