ನೀಲವ್ವನ ಕಾರು ಹಿಮಾಲಯ ಹತ್ತಿದ್ದು

“ಅಕ್ಕಾ, ಇನ್ನ ಮ್ಯಾಲೆ ಇದು ಕಾರಲ್ಲ, ಕುದುರಿ!” ಎನ್ನುತ್ತ ಕಲ್ಮೇಶಿ ಬಾನೆಟ್ ಎತ್ತಿದ.

ನೀಲವ್ವ ಇಣುಕಿ ನೋಡಿದಳು. ಎಂಜಿನ್ನಿನ ಮೇಲೆ ಬಸವನಹುಳುವಿನಂಥದೊಂದು ಫ್ಯಾನು, ಅದರ ಪಕ್ಕ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಹುಬ್ಬಳ್ಳಿಯಲ್ಲಿ ತಮ್ಮನ ಗ್ಯಾರೇಜಿಗೆ ಬಿಟ್ಟ ಗಾಡಿ ಬಿಟ್ಟ ಹಾಗೆಯೇ ಮರಳಿ ಬಂದದ್ದನ್ನು ಕಂಡವರಿಲ್ಲ. ಹೋದ ವರ್ಷ ಯಾರದೋ ಸ್ಕೂಟರಿಗೆ ಹಾಡುವ ಹಾರ್ನ್ ಕೂರಿಸಿದ್ದ. ಅದು ಶವಯಾತ್ರೆಯ ಹಿಂದೆ ನಿಂತು ಸೋಬಾನೆ ಹಾಡಿತ್ತು.

“ನಾಳಿ ನಂದು ಲೈಸೆನ್ಸ್ ಟೆಸ್ಟ್ ಐತಿ ಅಂತ ಗೊತ್ತಿದ್ದೂ ಇದನ್ನ ಮಾಡೀಯಲ್ಲೋ, ಖೋಡಿ!”

“ಅದಕ್ಕ ಮಾಡೇನಿ! ಹಿಂದಿನ ಸಲ ಎಂಟು ಹಾಕುವಾಗ ಎಂಜಿನ್ ಬಂದ್ ಬಿದ್ದು ಫೇಲಾದಿ ಹೌದಿಲ್ಲೋ? ಅದರ ಹಿಂದಿನ ಸಲಾನೂ ಅದ! ಇದು ಸೂಪರ್‌ಚಾರ್ಜರ್. ಎಂಜಿನ್ನಿಗೆ ಗಾಳಿ ತುರುಕಿ ತುರುಕಿ ತಿನ್ನಸ್ತೈತಿ. ಇನ್ನ ಬಂದ್ ಬಿದ್ರ ಕೇಳು!”

ಲೈಸೆನ್ಸ್ ಎಂದರೆ ನೀಲವ್ವನಿಗೆ ಬರೀ ಕಾರ್ಡಲ್ಲ. ಗಂಡ ತೀರಿಕೊಂಡ ಮೇಲೆ ಎಲ್ಲಿಗೆ ಹೋಗಬೇಕಾದರೂ ಈ ಕಲ್ಮೇಶಿಗೇ ಕಾಯಬೇಕು. ಮದುವೆಗೆ ಹೊರಟರೆ “ಈಗ ಬಂದೆ” ಎಂದವನು, ಅಲ್ಲಿ ಎಂಜಲೆಲೆ ತೆಗೆಯುವ ಹೊತ್ತಿಗೆ ಬಂದು ಹಾರ್ನ್ ಬಾರಿಸುತ್ತಿದ್ದ. ತನಗೆ ಬೇಕಾದಾಗ, ಬೇಕಾದಲ್ಲಿಗೆ ತಾನೇ ಹೋಗಬೇಕು ಎಂಬುದು ಅವಳ ಹಟ. ಈ ಸಲವೂ ಫೇಲಾದರೆ ಕಾರು ಮಾರಿಬಿಡುವುದಾಗಿ ಮಗಳಿಗೆ ಮಾತು ಕೊಟ್ಟು ಕೂತಿದ್ದಳು.

“ಈ ಪೆಟಿಗಿ ಏನ್ ಮಾಡ್ತೈತಿ?”

“ಪೈಪಿನಾಗ ಒಂದು ಸೆನ್ಸರ್ ಐತಿ. ಎಷ್ಟು ಗಾಳಿ ಒಳಗ ಹೊಂಟೈತಿ ಅಂತ ಅದು ಹೇಳ್ತೈತಿ. ಅದನ್ನ ಕೇಳಿ ಪೆಟಿಗಿ ತಾನ ವಿಚಾರ ಮಾಡಿ ಹುಕುಂ ಕೊಡ್ತೈತಿ. ನೋಡೀಗ!”

ನೀಲವ್ವ ಒಳಗೆ ಕೂತು ಕೀಲಿ ತಿರುಗಿಸಿದ್ದೇ ತಡ, ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. “ಪ್ರಯಾಣಿಕರಿಗೆ ನಮಸ್ಕಾರ. ಗಾಳಿ ತೀರ ತೆಳುವಾಗಿದೆ. ಅಂದಮೇಲೆ ನಾವೀಗ ಹಿಮಾಲಯದಲ್ಲಿದ್ದೇವೆ. ದಯವಿಟ್ಟು ಕಂಬಳಿ ಹೊದ್ದುಕೊಳ್ಳಿ.” ಅಷ್ಟು ಹೇಳಿ ಹೀಟರ್ ಹಾಕಿತು, ಪ್ರಪಾತವಿದೆಯೆಂದು ಬಾಗಿಲನ್ನೂ ಲಾಕ್ ಮಾಡಿತು!

“ಎಲ್ಲಿ ಹಿಮಾಲಯನೋ? ಹೊರಗ ಬಾಳಿಹಣ್ಣಿನ ಗಾಡಿ ನಿಂತೈತಿ!” ನೀಲವ್ವ ಬೆವರುತ್ತ ಗಾಜು ಬಡಿದಳು.

“ಸೆನ್ಸರ್ ಸುಳ್ಳು ಹೇಳಾಕತ್ತೈತಿ,” ಎಂದು ಕಲ್ಮೇಶಿ ತಲೆ ಕೆರೆದುಕೊಂಡು, ಹೊರಗಿನಿಂದ ಬಾಗಿಲು ತೆಗೆದು ಅಕ್ಕನನ್ನು ಇಳಿಸಿದ. ಪೈಪಿಗೆ ಸಾಬೂನು ನೀರು ಸುರಿದು ಗಾಳಿ ಸೋರುತ್ತದೇನೋ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ವೈರುಗಳನ್ನು ಎಳೆದೆಳೆದು ಬಿಗಿ ಮಾಡಿದ. ಕಾರು ಇನ್ನೂ ಸಾವಿರ ಅಡಿ ಮೇಲೆ ಹತ್ತಿತು. ಕೊನೆಗೆ ಹಳೆಯ ಸೆನ್ಸರ್ ಸತ್ತಿದೆಯೆಂದು ತೀರ್ಮಾನಿಸಿ, ಪೇಟೆಗೆ ಓಡಿ ಹೊಸದನ್ನೇ ತಂದ. ತಂದದ್ದನ್ನು ಸ್ಟೂಲಿನ ಮೇಲಿಟ್ಟು ಚಹಾ ಕುಡಿಯಲು ಹೋದ.

ಹೊಸ ಸಾಮಾನು ಪೂಜೆಯಿಲ್ಲದೆ ಗಾಡಿ ಹತ್ತುವುದುಂಟೆ? ಆಯುಧಪೂಜೆಯ ದಿನ ಗ್ಯಾರೇಜಿನ ಪಾನಾ, ಜಾಕು, ಹಳೆಯ ಸೆನ್ಸರು ಯಾವುದನ್ನೂ ನೀಲವ್ವ ಬಿಟ್ಟಿರಲಿಲ್ಲ. ಈಗಲೂ ವಿಭೂತಿ ಕಲಸಿದಳು. ಸೆನ್ಸರಿನ ಕಿಂಡಿಯೊಳಗೆ ಕೂದಲೆಳೆಯಂಥ ತಂತಿಯೊಂದು ಕಂಡಿತು. ಬೆರಳು ಹೋಗಲಿಲ್ಲವೆಂದು ಬೆಂಕಿಕಡ್ಡಿಯ ತುದಿಯಿಂದ ಭಕ್ತಿಯಾಗಿ ಅದಕ್ಕೂ ಬಳಿದಳು.

ಕಲ್ಮೇಶಿ ಬಂದು ಅದನ್ನು ಕೂರಿಸಿ ಕೀಲಿ ತಿರುಗಿಸಿದ.

“ಹಿಮಾಲಯದ ತುದಿ ಮುಟ್ಟಿದ್ದೇವೆ. ಅಭಿನಂದನೆಗಳು,” ಎಂದಿತು ಪೆಟ್ಟಿಗೆ.

“ಇರ್ಲಿ ಬಿಡಕ್ಕಾ,” ಎಂದ ಕಲ್ಮೇಶಿ ಸಣ್ಣ ದನಿಯಲ್ಲಿ. “ಹಿಮಾಲಯದಾಗೂ ರೋಡ್ ಅದಾವು.”

ಮರುದಿನ ಟೆಸ್ಟಿನ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಅಂಗಡಿ ಸಾಹೇಬರು ನಿಂತಿದ್ದರು. ಅವರ ಮುಖಕ್ಕೆ ಸರಕಾರ ಇನ್ನೂ ನಗು ಮಂಜೂರು ಮಾಡಿರಲಿಲ್ಲ. “ಎಂಟು ಹಾಕ್ರಿ. ಗೆರಿ ಮುಟ್ಟಬಾರ್ದು. ನಡುವ ನಿಂದ್ರಬಾರ್ದು,” ಎಂದರು.

ನೀಲವ್ವ ಕುಲದೇವರನ್ನು ನೆನೆದು ಕ್ಲಚ್ ಬಿಟ್ಟಳು. ಕಾರು ಚೆಂದವಾಗಿ ಹೊರಟಿತು. ಮೊದಲ ತಿರುವಿನಲ್ಲಿ ಪೆಟ್ಟಿಗೆ ಬಾಯಿಬಿಟ್ಟಿತು: “ಈ ಗಾಳಿ ಸಾಲದು. ಪ್ರಯಾಣಿಕರ ಪ್ರಾಣ ಉಳಿಸುವುದು ನನ್ನ ಧರ್ಮ. ಗಾಳಿ ಹುಡುಕುತ್ತಿದ್ದೇನೆ!”

ಫ್ಯಾನು ಗುಂಯ್‌ಗುಟ್ಟಿತು. ಮೊದಲು ಒಣಗಿದ ಎಲೆಗಳು ಬಾನೆಟ್ಟಿನ ಜಾಲರಿಯೊಳಗೆ ಹೋದವು. ಹಿಂದೆಯೇ ಸಾಹೇಬರ ಟೋಪಿ! ಆಮೇಲೆ ಮೈದಾನದ ಅಂಚಿನಲ್ಲಿದ್ದ ಗಿರ್ಮಿಟ್ ಗಾಡಿಯಿಂದ ಮಂಡಕ್ಕಿ ಗಾಳಿಗೆದ್ದು ಸಾಲಾಗಿ ಬಂದು ಕಾರಿನ ಬಾಯಿಗೆ ಬಿತ್ತು. “ಏ ಏ! ಉಳ್ಳಾಗಡ್ಡಿ ಬಿಟ್ಟು ಬರೇ ಚುರುಮುರಿ ಒಯ್ಯಾಕತ್ತೈತ್ರೀ!” ಎಂದು ಗಾಡಿಯವನು ಬೊಬ್ಬೆ ಹೊಡೆದ. ಸಾಹೇಬರು ಬೇವಿನ ಮರ ತಬ್ಬಿ ನಿಂತರು. ಕಣ್ಣು ಮಾತ್ರ ಗೆರೆಯ ಮೇಲೆಯೇ ಇತ್ತು.

ಕಲ್ಮೇಶಿ ಕಾರಿನ ಪಕ್ಕ ಓಡತೊಡಗಿದ. “ಅಕ್ಕಾ, ನಿಂದ್ರಸು!”

“ನಿಂದ್ರಿಸಿದ್ರ ಫೇಲು!”

“ಸೆನ್ಸರಿನ ತಂತಿಗೆ ಗಾಳಿ ತಾಕವಲ್ದು! ಏನೋ ಮೆತ್ತೈತಿ ಅದಕ್ಕ!”

“ಏನೂ ಮೆತ್ತಿಲ್ಲೋ! ಬರೇ ವಿಭೂತಿ ಐತಿ!” ಎನ್ನುತ್ತ ನೀಲವ್ವ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದಳು.

ಓಡುತ್ತಿದ್ದ ಕಲ್ಮೇಶಿ ನಿಂತೇಬಿಟ್ಟ. “ಹೊಸಾದಕ್ಕೂ?”

“ಹೊಸಾದಕ್ಕ ಹಚ್ಚಲಾರ್ದ ಬಿಡ್ತಾರೇನೋ!”

ಎಂಟು ಮುಗಿಸಿ, ಕಡೆಯ ಗೆರೆಯ ಹಿಂದೆ ಕಾರು ನಿಲ್ಲಿಸಿ, ನೀಲವ್ವ ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ಆರಿಸುವ ಮೊದಲೇ ಕಲ್ಮೇಶಿ ಬಾನೆಟ್ ಎತ್ತಿ, ಪೈಪು ಕಳಚಿ, ಕರವಸ್ತ್ರ ಹಿಡಿದು ಬಗ್ಗಿದ. ಕರವಸ್ತ್ರ ಅವನ ಕೈಬಿಟ್ಟು ಒಳಗೆ ನುಗ್ಗಿ, ತಂತಿಯನ್ನು ತಾನೇ ಒರೆಸಿಕೊಂಡು ಮಾಯವಾಯಿತು.

ಸೆನ್ಸರು ಮೊದಲ ಸಲ ನಿಜ ಹೇಳಿತು. ಪೆಟ್ಟಿಗೆ ಚೀರಿತು: “ಗಾಳಿ ಬೇಕಾದಷ್ಟಿದೆ! ಅಂದರೆ ಇದು ಹುಬ್ಬಳ್ಳಿ! ಅಂದರೆ ನಾವು ಹಿಮಾಲಯದಿಂದ ಕೆಳಗೆ ಬೀಳುತ್ತಿದ್ದೇವೆ! ಭಾರ ಇಳಿಸುತ್ತೇನೆ!”

ಫ್ಯಾನು ಉಲ್ಟಾ ತಿರುಗಿತು. ನುಂಗಿದ್ದೆಲ್ಲ ಆಕಾಶಕ್ಕೆ ಹಾರಿ ಮೈದಾನದ ಮೇಲೆ ಅಕ್ಷತೆಯಂತೆ ಸುರಿಯಿತು. ಎಂಜಿನ್ನಿನ ಕಾವಿಗೆ ಮಂಡಕ್ಕಿ ಗರಿಗರಿಯಾಗಿತ್ತು. ಸಾಹೇಬರ ಟೋಪಿ ಸಾಹೇಬರ ತಲೆಗೇ ಬಂದು ಕೂತಿತು, ಒಳಗೆಲ್ಲ ಮಂಡಕ್ಕಿ ತುಂಬಿಕೊಂಡು.

ಹೋಯಿತು ಲೈಸೆನ್ಸು! ನೀಲವ್ವನ ಕಣ್ಣು ತುಂಬಿ ಬಂತು. ಸ್ಟೇರಿಂಗನ್ನು ಬಿಡಲು ಅವಳಿಗೆ ಮನಸ್ಸೇ ಬರಲಿಲ್ಲ.

ಸಾಹೇಬರು ಮೂಗಿನ ಮೇಲಿನ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು, ಗೆರೆಯುದ್ದಕ್ಕೂ ನಡೆದು ನೋಡಿ ಬಂದರು.

“ಗೆರಿ ಮುಟ್ಟಿಲ್ಲ. ನಡುವ ನಿಂತಿಲ್ಲ. ಇಷ್ಟು ಗದ್ದಲದಾಗ ಇಂಡಿಕೇಟರ್ ಸುದ್ದಾ ಮರ್ತಿಲ್ಲ. ಅಮ್ಮಾರು ಪಾಸ್! ಆದ್ರ ಆ ಪೆಟಿಗಿ, ಫ್ಯಾನು ಎರಡೂ ಕಿತ್ತು ಗಾಡಿ ಹೊರಗ ಒಯ್ರಿ.”

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಕಲ್ಮೇಶಿ ಎರಡನ್ನೂ ಕಿತ್ತು, ಎದೆಗವಚಿಕೊಂಡು ಎಡಬಾಗಿಲಿಗೆ ಬಂದ. ಅಷ್ಟರಲ್ಲಿ ಅವಳು ಗೇರ್ ಹಾಕಿಯಾಗಿತ್ತು.

“ನೀ ಎಲ್ಲಿ ಹತ್ತಾಕತ್ತಿ? ಅವನ್ನ ಹೊತಗೊಂಡು ನಡಕೊಂತ ಬಾ. ಹಿಮಾಲಯ ಇಳದು ಬಂದವಗ ಮನಿ ಏನ್ ದೂರ?”